ದುಂಡಗಿಲ್ಲ

ಪೆನ್ಷನ್ ಮೊಹಲ್ಲಾದ ಲೇತ್ ಅಂಗಡಿಯ ಸಾಬ್ಜಾನ್
ನಮ್ಮ ಶಾಲೆಯ ದುರ್ಬೀನಿಗೆ
ಹಿತ್ತಾಳೆಯ ಕೊಳವೆಯೊಂದು ಕಡೆದುಕೊಟ್ಟ.
ದುಡ್ಡು ಬೇಡವೆಂದ.
'ಇದರೊಳಗೆ ಏನು ಕಾಣುತ್ತೋ
ಒಂದು ಸಲ ನನಗೂ ತೋರಿಸಿ, ಸಾಕು.'

ಪುಷ್ಯದ ಚಳಿ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ
ಮೂರು ಕಾಲೂರಿ ನಿಂತಿತ್ತು ಯಂತ್ರ.
ಆಚೆ ಸಾಲಗಾಮೆ ರಸ್ತೆಯಲ್ಲಿ
ಉಪಗ್ರಹಗಳ ಮಾತು ಕೇಳುವ ಬಿಳಿ ಬಟ್ಟಲುಗಳು
ನಮಗಿಂತ ಮೊದಲೇ ಮುಖವೆತ್ತಿ ಕೂತಿದ್ದವು.

ಹದಿನೇಳು ವರ್ಷ ಇದೇ ಪಾಠ ಮಾಡಿದ್ದೇನೆ:
ಗುರು. ಅನಿಲದೈತ್ಯ. ಜಲಜನಕ, ಹೀಲಿಯಂ.
ಭೂಮಿಯಂಥವು ಸಾವಿರದ ಮುನ್ನೂರು ಹಿಡಿಸುವ ಹೊಟ್ಟೆ.
ಎರಡು ಅಂಕದ ಪ್ರಶ್ನೆ.
ಮನೆಯಲ್ಲಿ ಗುರುವಿಗೆ ಬೇರೆ ಕೆಲಸವಿತ್ತು;
ಬಲವಿಲ್ಲ, ಬಲವಿಲ್ಲವೆಂದು
ನನ್ನ ಮದುವೆಯನ್ನು ಮೂರು ವರ್ಷ ಹೊಸ್ತಿಲಲ್ಲೇ ನಿಲ್ಲಿಸಿದ್ದ.

ಸಾಬ್ಜಾನ್ ಒಂದು ಕಣ್ಣು ಮುಚ್ಚಿ ಬಗ್ಗಿದ,
ಮೈಕ್ರೊಮೀಟರಿಗೆ ಬಗ್ಗುವ ಹಾಗೆ, ಉಸಿರು ಹಿಡಿದು.
ಪಟ್ಟೆ ಕಂಡವು ಅಂತಾನೆ,
ನಾಲ್ಕು ಚಂದ್ರ ಕಂಡವು ಅಂತಾನೆ, ಕಾದೆ.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ:
'ಮೇಡಂ, ಇದು ದುಂಡಗಿಲ್ಲ.'

ಮಸೂರ ಸರಿಯಿಲ್ಲವೇನೋ ಅಂದೆ.
'ಮಸೂರ ಸರಿಯಿದೆ. ಮಾಲೇ ಹಾಗಿದೆ.
ಮೇಲೂ ಕೆಳಗೂ ತಟ್ಟಿದ ಹಾಗೆ, ನಡು ಹೊರಗೆ.
ಅಗಲ ಹದಿನೈದು ನೂಲಾದರೆ ಎತ್ತರ ಹದಿನಾಲ್ಕು.
ಸ್ಪೀಡು ಜಾಸ್ತಿಯಾಗಿ ಹೊಟ್ಟೆ ಬಂದಿದೆ.'

ಪುಸ್ತಕದಲ್ಲಿತ್ತು ಅದು, ಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ.
ನಾನೇ ಎಷ್ಟು ಸಲ ಓದಿಸಿದ್ದೇನೆ.
ಮತ್ತೆ ಬಗ್ಗಿದೆ.
ವೃತ್ತ ಹುಡುಕಿ ಹುಡುಕಿ ವೃತ್ತವನ್ನೇ ಕಂಡ ಕಣ್ಣಿಗೆ
ಮೊದಲ ಬಾರಿ
ತಟ್ಟೆಗಿಳಿಸಿದ ಬಿಸಿ ಮುದ್ದೆ ತನ್ನ ಭಾರಕ್ಕೆ ತಾನೇ ಕೂರುವಂತೆ
ಕೂತಿದ್ದ ಗುರು.

'ಎಷ್ಟು ಹೊತ್ತಿಗೆ ಒಂದು ಸುತ್ತು?'
ಹತ್ತು ಗಂಟೆಗೆ ಐದು ನಿಮಿಷ ಕಮ್ಮಿ.
'ಒಂದು ಶಿಫ್ಟು, ಮೇಲೆ ಓಟಿ,' ಲೆಕ್ಕ ಹಾಕಿದ.
'ಅಷ್ಟು ದೊಡ್ಡ ಮಾಲು, ಇಷ್ಟು ಬೇಗ!
ಚಕ್ ಎಲ್ಲಿ ಹಿಡಿದಿದೆ? ಟೂಲು ಎಲ್ಲಿ ತಾಗಿಸ್ತಾರೆ?'

ತಾಗಿಸಲು ಮೈಯೇ ಇಲ್ಲ ಅದಕ್ಕೆ.
ಇಳಿದವರ ಕಾಲಿಗೆ ನೆಲ ಸಿಗದು.
ಮೋಡ, ಅದರಡಿ ಮೋಡ, ಅದರಡಿ
ಗಾಳಿ ಎನ್ನಲಾರದ ಗಾಳಿ, ನೀರು ಎನ್ನಲಾರದ ನೀರು,
ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೋ
ಗೆರೆ ಎಳೆದವರಿಲ್ಲ. ಇನ್ನೂ ಆಳಕ್ಕೆ
ಒತ್ತಡ ತಾಳದೆ ಜಲಜನಕವೇ ಲೋಹವಾಗಿ —
ಲೋಹ ಎಂದದ್ದೇ ತಡ, ನೆಟ್ಟಗಾದ.
'ಗಾಳಿ ಒತ್ತಿದರೆ ಲೋಹವಾ?'
ಹೌದು. ಹರಿಯುವ ಲೋಹ.
'ಕಡೆಯೋಕೆ ಬರಲ್ಲ ಹಾಗಾದರೆ,' ಎಂದ, ಕೊಂಚ ಬೇಸರದಿಂದ.

ಕೆಂಪು ಮಚ್ಚೆ ಎಲ್ಲಿ ಅಂದ. ಈಗ ಆಚೆ ಮಗ್ಗುಲಲ್ಲಿದೆ.
ಭೂಮಿಗಿಂತ ದೊಡ್ಡ ಬಿರುಗಾಳಿ,
ತಲೆಮಾರುಗಳಿಂದ ಸುತ್ತುತ್ತ, ವರ್ಷವರ್ಷಕ್ಕೆ ಕಿರಿದಾಗುತ್ತ.
'ತಿರುಗೋದೆಲ್ಲ ಸವೆಯುತ್ತೆ.'
ಬಲಗೈಯ ಅರ್ಧ ಬೆರಳನ್ನು
ಎಡಗೈ ಸವರುತ್ತಿತ್ತು.

ಹಳೇಬೀಡಿನ ಬಸದಿಯ ಕಂಬಕ್ಕೆ ಒಮ್ಮೆ ಕ್ಯಾಲಿಪರ್ ಹಚ್ಚಿ
ಕಾವಲುಗಾರನಿಂದ ಬೈಸಿಕೊಂಡಿದ್ದನಂತೆ.
'ಅಲ್ಲೂ ಹೀಗೇ ಪಟ್ಟೆ ಪಟ್ಟೆ, ಬಳೆ ಬಳೆ.
ಆದರೆ ಕೂದಲಷ್ಟೂ ತಪ್ಪಿಲ್ಲ.
ಇದನ್ನ ಯಾರೂ ಕಡೆದಿಲ್ಲ, ಅಲ್ವಾ?
ತಾನೇ ತಿರುಗಿ ತಾನೇ ಆಗಿದ್ದು.
ಅದಕ್ಕೇ ಹೊಟ್ಟೆ.'

ಅಷ್ಟರಲ್ಲಿ ಗುರು ಅಂಚಿಗೆ ಜಾರಿದ್ದ.
ಕಾರಣ ಹೇಳಲು ಬಾಯಿ ತೆರೆದೆ.
ಅವನಾಗಲೇ ಕೊಳವೆಗೆ ಒಂದು ಬೆರಳು ತಾಗಿಸಿ
ನಡುವಿಗೆ ತಂದಿದ್ದ:
'ನಮ್ಮ ಮಿಷಿನೂ ಓಡ್ತಾನೇ ಇದೆ ಮೇಡಂ.'

ಸೋಮವಾರ. ಒಂಬತ್ತನೇ ತರಗತಿ, ಬಿ ವಿಭಾಗ.
ಇಷ್ಟು ವರ್ಷ ಕೈಬಳೆ ತೆಗೆದು ಹಲಗೆಗೊತ್ತಿ
ಸುತ್ತ ಸೀಮೆಸುಣ್ಣ ಎಳೆಯುತ್ತಿದ್ದೆ.
ಇವತ್ತು ಬಳೆ ಕೈಯಲ್ಲೇ ಇತ್ತು.
ಬರಿಗೈಯಲ್ಲಿ ಬರೆದೆ.

'ಮಿಸ್, ಸೊಟ್ಟ ಆಯ್ತು,'
ಅಂದಳು ಮೊದಲ ಬೆಂಚಿನ ನಿಸರ್ಗ.