ಎಡಕ್ಕೆ ಮುಖ

ಮೀನಿನ ಚಿತ್ರ ಬರೆದರೆ ಮುಖ ಎಡಕ್ಕೇ ಇರಬೇಕು,
ಮೊದಲ ದಿನವೇ ಹೇಳಿದಳು ಥೆಲ್ಮಾ ಪೆಂಗೆಲಿ.
ಯಾಕೆ ಅಂದೆ.
ನೀನು ಬಲಗೈಯಲ್ಲೇ ಯಾಕೆ ಉಣ್ಣುತ್ತೀ, ಅಂದಳು.

ಹೋಬಾರ್ಟಿನಲ್ಲಿ ಡರ್ವೆಂಟ್ ನದಿ ಉಪ್ಪಾಗುವ ಕಡೆ
ದಕ್ಕೆಯ ಹಿಂದೊಂದು ತಗಡಿನ ಕೋಣೆ.
ಮೇಣದ ತಟ್ಟೆಯಲ್ಲಿ ರೆಕ್ಕೆ ಬಿಡಿಸಿ
ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದ ಮೀನು.
ಥೆಲ್ಮಾ ಎಣಿಸುತ್ತಾಳೆ, ತುಟಿ ಅಲ್ಲಾಡಿಸದೆ:
ಬೆನ್ನ ಮೇಲೆ ಮುಳ್ಳು ಹನ್ನೊಂದು,
ಪಕ್ಕೆಯ ಗೆರೆಗುಂಟ ಹುರುಪೆ ಅರವತ್ತೆಂಟು.
ಅರವತ್ತೇಳು ಬರೆದುಬಿಟ್ಟರೆ
ಇಲ್ಲದ ಮೀನೊಂದನ್ನು ಹುಟ್ಟಿಸಿದ ಹಾಗೆ,
ಎಂದು ರಬ್ಬರಿಗೆ ಕೈ ಹಾಕುತ್ತಾಳೆ.

ಗಂಗೊಳ್ಳಿ ದಕ್ಕೆಯಲ್ಲಿ ನನ್ನಮ್ಮ
ಕಿವಿರು ಎತ್ತಿ ಒಂದು ಸಲ ನೋಡಿದರೆ ಸಾಕು,
ನಿನ್ನೆಯದೋ ಮೊನ್ನೆಯದೋ ಹೇಳುತ್ತಿದ್ದಳು,
ಮಾರುವವನ ಮುಖ ನೋಡಿ ಅರ್ಧ ಬೆಲೆ ಕೇಳುತ್ತಿದ್ದಳು.
ಹುರುಪೆ ಎಣಿಸುವ ಹೆಂಗಸೊಬ್ಬಳಿದ್ದಾಳೆ ಎಂದಿದ್ದರೆ
ಅವಳಿಗೆ ಬೇರೆ ಕೆಲಸ ಇಲ್ಲವೋ, ಅನ್ನುತ್ತಿದ್ದಳು.

ಥೆಲ್ಮಾಳಿಗೆ ಮಂಡಿ ನೋವು, ದೋಣಿ ಹತ್ತುವುದಿಲ್ಲ.
ಮೀನು ಸಾಯುವಾಗ ಬಣ್ಣ ಮೊದಲು ಹೊರಡುತ್ತದೆ,
ಫೋಟೋದಲ್ಲಿ ಹೊಳಪು ಹುರುಪೆಯನ್ನೇ ನುಂಗುತ್ತದೆ.
ಹಾಗಾಗಿ ಬಣ್ಣ ನಾನು ತರಬೇಕು, ಮಾತಿನಲ್ಲಿ.
ಬಲೆ ಎತ್ತಿದ ಕೂಡಲೆ, ಒದ್ದೆ ಅಂಗೈಯಲ್ಲಿ
ಅದು ಒದೆಯುತ್ತಿರುವಾಗಲೇ, ಚೀಟಿಯಲ್ಲಿ ಗೀಚುತ್ತೇನೆ:
ಹೊಟ್ಟೆ, ಅಕ್ಕಿ ತೊಳೆದ ಎರಡನೇ ನೀರು.
ಬೆನ್ನು, ಹುಣಸೆ ಹಚ್ಚುವ ಮುಂಚಿನ ತಾಮ್ರದ ಚೆಂಬು.
ಕೆನ್ನೆ, ಎಳೆ ಗೇರುಬೀಜದ ಸಿಪ್ಪೆ, ಆದರೆ ಮಳೆಗೆ ಸಿಕ್ಕಿದ್ದು.
ಇಂಗ್ಲಿಷಿನಲ್ಲಿ ಹೇಳು ಅನ್ನುತ್ತಾಳೆ. ಬರುವುದಿಲ್ಲ.
ಕಾಗದದ ಅಂಚಿಗೆ ಒಂದೊಂದೇ ಬಣ್ಣ ಸವರುತ್ತಾಳೆ,
ಇದಾ? ಅಲ್ಲ. ಇದಾ? ಇನ್ನೂ ಸ್ವಲ್ಪ ಹುಳಿ.
ಚಹಾ ಆರುತ್ತದೆ. ಒಮ್ಮೆ ಬ್ರಷ್ಷನ್ನು ಅದರಲ್ಲೇ ಅದ್ದಿದಳು.

ಆ ಉದ್ದ ಮೂತಿಯ ಮರಳುಬಣ್ಣದ ಮೀನು
ನಮ್ಮೂರ ಕಾಣೆಯ ದಾಯಾದಿ.
ಕಾಣೆ, ಎಂದು ಹೇಳಿಕೊಟ್ಟೆ.
ಣಕಾರ ಹೊರಳಲು ಅವಳಿಗೆ ಒಂದು ಚಳಿಗಾಲ ಹಿಡಿಯಿತು.

ಇನ್ನೊಂದು ಡ್ರಾಯರಿನಲ್ಲಿ ಕೈಮೀನುಗಳು.
ಅವು ಈಜುವುದಕ್ಕಿಂತ ನಡೆಯುವುದೇ ಹೆಚ್ಚು,
ಎರಡು ಪುಟ್ಟ ಅಂಗೈ ಊರಿ, ತಳದ ಕೆಸರಿನ ಮೇಲೆ,
ಯಾರದೋ ನಿದ್ದೆ ಕೆಡಿಸಬಾರದು ಎಂಬಂತೆ.
ಒಂದರ ಚುಕ್ಕಿ ಇನ್ನೊಂದಕ್ಕಿಲ್ಲ.
ಎಡ ಪಕ್ಕೆಯ ಚುಕ್ಕಿ ನೋಡಿಯೇ ಥೆಲ್ಮಾ
ಹಳಬರು ಯಾರು, ಹೊಸಬರು ಯಾರು, ಹೇಳುತ್ತಾಳೆ.

ಈ ಮಂಗಳವಾರ ಮುಳುಗುಗಾರರು ಎರಡು ಸಲ ಇಳಿದರು.
ತಳದ ನೀರು ಹತ್ತೊಂಬತ್ತೂವರೆ ಡಿಗ್ರಿ;
ಹೋದ ವರ್ಷ ಇದೇ ವಾರ ಹದಿನೇಳು.
ಕಂಡದ್ದು ಎಂಬ ಕಾಲಮ್ಮಿನಲ್ಲಿ ಏನೂ ಇಲ್ಲ.
ಕೋಣೆಗೆ ಬಂದು ಬೂಟು ಕಳಚುತ್ತಾ
ಸುಸ್ತಿಗೆ ನನ್ನ ಭಾಷೆಯೇ ಬಾಯಿಗೆ ಬಂತು:
ಕಾಣೆ.

ಕಾಣೆ? ಎಂದಳು ಥೆಲ್ಮಾ, ಕನ್ನಡಕ ಏರಿಸಿ,
ತಟ್ಟೆ ಒರೆಸಿ, ಪೆನ್ಸಿಲು ಚೂಪು ಮಾಡಿ,
ಎಷ್ಟು?

ಮಾತು ಒಂದೇ, ಅರ್ಥ ಎರಡು ಎಂದು
ಬಿಡಿಸಿ ಹೇಳಲು ನನಗೆ ತುಸು ಹೊತ್ತು ಬೇಕಾಯಿತು.
ಅವಳು ನಗಲಿಲ್ಲ.
ಹೊಸ ಹಾಳೆ ತೆಗೆದು, ಅದರ ಬುಡದಲ್ಲಿ,
ಎಲ್ಲ ಮೀನಿನ ಕೆಳಗೂ ಎಳೆಯುವ ಅಳತೆಯ ಗೆರೆ ಎಳೆದಳು,
ಹತ್ತು ಮಿಲಿಮೀಟರು. ತಾರೀಕು ಹಾಕಿದಳು.
ಮೇಲೆಲ್ಲ ಬಿಳಿ.

ನಾಳೆ ಆರಕ್ಕೆ ದೋಣಿ.
ಎಡಗೈ ಗ್ಲೌಸು ತೂತು ಬಿದ್ದಿದೆ, ಹೊಲಿಯಬೇಕು.