ಹನ್ನೊಂದನೇ ಕಲಮು

ಸೊಲ್ಲಾಪುರ, ಅಕ್ಕಲಕೋಟ ರೋಡಿನ ಟಾವೆಲ್ ಕಾರಖಾನಿ.
ತಪಾಸಣಿಗೆ ಬಂದ ಢಾಲೆ ಸಾಹೇಬ
ಅಂಗಿ ಮ್ಯಾಲಿನ ಹತ್ತಿ ಝಾಡಿಸಿಕೋತ
ಮರಾಠಿ ಫಾರ್ಮು ಕೈಗಿಟ್ಟ:
ಅಪ್ರೆಂಟಿಸ್ ಗೈಬುಗ ಐದರಾಗ ಎಷ್ಟು?

ಮೂವತ್ತಾರು ಮಗ್ಗ ಒಮ್ಮೆಲೇ ಬಡಿಯೂವಾಗ
ಯಾವುದರ ಎಳಿ ಹರೀತಂತ
ತಿರುಗಿ ನೋಡದ ಹೇಳತಾನ ಹುಡುಗ.
ಅದಕ್ಕ ಕಲಮು ಇಲ್ಲ.
ಅವ ಹಾಕಿದ ಗಂಟು ಬೆರಳಿಗೆ ಹತ್ತೂದಿಲ್ಲ,
ಅದಕ್ಕೂ ಇಲ್ಲ.
ಹಾಜರಿ, ಶಿಸ್ತು, ಕಲಿಸಿದ ತಾಸು—
ನಗು ಬಂತು.
ನಾಲ್ಕು, ನಾಲ್ಕು, ನಾಲ್ಕು ಅಂತ ಗೀಚಿಕೋತ ಹೋದೆ.

ನಮ್ಮ ಉಸ್ತಾದ ಲಾಳೀಲೆ ಹೊಡೀತಿದ್ದ.
ಆರು ವರ್ಷ ಚಹಾ ತಂದಮ್ಯಾಲೆ
ಪಾನಾ ಮುಟ್ಟಗೊಟ್ಟ.
ಯಾವ ಸರಕಾರನೂ ಬಂದು ಕೇಳಲಿಲ್ಲ.

ಹನ್ನೊಂದಕ್ಕ ಪೆನ್ನು ನಿಂತಿತು:
ಕಲಿಯುವವನಿಗೆ ಕಿವಿಯ ಬಿರಡಿ ಕೊಡಲಾಗಿದೆಯೇ?
ಶೇಠ ಕಣ್ಣಿಲೇ ಅಂದ, ಹೂಂ ಅಂತ ಬರಿ.

ನನ್ನ ಎಡಗಿವಿ ಹೋಗಿ ಹತ್ತು ವರ್ಷ,
ಬಲಗಿವಿನೂ ಹೊಂಟೈತಿ.
ಮೊಮ್ಮಗಳು ಅಜ್ಜಾ ಅನ್ನೂದನ್ನ
ತುಟಿ ನೋಡಿ ಕೇಳತೀನಿ.

ಇಲ್ಲ, ಅಂತ ಬರದೆ.
ಮರಾಠಿ ಫಾರ್ಮಿನಾಗ, ಅವಸರದಾಗ,
ಸಾಲಿ ಕಲಿಸಿದ ಕನ್ನಡ ಅಕ್ಷರ.
ಸಾಹೇಬ ಕಾಗದ ತಿರುವಿ ತಿರುವಿ ನೋಡಿದ,
ಇದೇನಂತ ಹುಬ್ಬು ಏರಿಸಿದ.

ಗೈಬು ಬಗ್ಗಿ ಓದಿಕೊಂಡ.
ಆಮ್ಯಾಲೆ ಶೇಠನ ಮುಂದ, ಮಗ್ಗದ ಸಪ್ಪಳದ ಮ್ಯಾಲೆ,
ಕುತ್ತಿಗಿ ನರ ಉಬ್ಬೂವಂಗ ಒದರಿದ.

ನನಗ ಕಂಡದ್ದು
ಅವನ ಬಾಯಿ ತೆರೆದದ್ದು ಅಷ್ಟ.