ಉಸಿರು ಬಿಟ್ಟ ಅಳತೆ

ದುರ್ಗಿಗುಡಿಯಲ್ಲಿ, ಬೈಂಡಿಂಗ್ ಅಂಗಡಿಯ ಮಹಡಿ ಮೇಲೆ
ಟೇಪು ಹಿಡಿದು ಇಪ್ಪತ್ತೆರಡು ವರ್ಷವಾಯಿತು.
ಈ ಊರಿನ ಎಷ್ಟೋ ಹೆಂಗಸರ ಸುತ್ತಳತೆ
ನನ್ನ ಉದ್ದ ನೋಟ್‌ಬುಕ್ಕಿನಲ್ಲಿದೆ, ಪೆನ್ಸಿಲಿನಲ್ಲಿ.
ಪೆನ್ನಲ್ಲಿ ಬರೆಯುವ ದಡ್ಡತನ ಮೊದಲ ವರ್ಷಕ್ಕೇ ಮುಗಿಯಿತು.

ಟೇಪು ಸೊಂಟಕ್ಕೆ ತಾಗಿದ್ದೇ ತಡ
ಉಸಿರು ಒಳಗೆಳೆದುಕೊಳ್ಳುತ್ತಾರೆ:
ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ,
ಮೀನಿನ ಬುಟ್ಟಿ ಮೆಟ್ಟಿಲ ಕೆಳಗಿಟ್ಟು ಬರುವ ಜುಲೇಖಾ,
ಮೊದಲ ಲಂಗ ದಾವಣಿಗೆ ಬಂದ ಹುಡುಗಿ ಕೂಡ.
‘ಬಿಡಿ, ಉಸಿರು ಬಿಡಿ’ ಅಂದರೆ ಬಿಡುವುದಿಲ್ಲ.
ಅದಕ್ಕೇ ಏನಾದರೂ ಕೇಳುತ್ತೇನೆ,
ನಲ್ಲಿಯಲ್ಲಿ ನೀರು ಬಂತಾ, ನಾದಿನಿ ಮಾತಾಡಿಸಿದಳಾ.
ಮಾತಿಗೆ ಉಸಿರು ಬೇಕಲ್ಲ.
ಆಗ ಬರೆದುಕೊಳ್ಳುತ್ತೇನೆ.

ಜಲಜಾಕ್ಷಿಯದು ಎದೆ ನಲವತ್ತೆರಡು, ತೋಳು ಹದಿನಾರು.
ಗಾಜನೂರಿನ ಶಾಲೆಯಲ್ಲಿ ನೂರಾ ಎಪ್ಪತ್ತು ಮಕ್ಕಳ ಅನ್ನ
ಒಲೆಯಿಂದ ಇಳಿಸುವ ತೋಳು.
ಬಲತೋಳು ಎಡಕ್ಕಿಂತ ಅರ್ಧ ಇಂಚು ಹೆಚ್ಚು.
ಎರಡನ್ನೂ ಬೇರೆ ಬೇರೆ ಕತ್ತರಿಸುತ್ತಿದ್ದೆ.
ಅವಳಿಗೆ ಹೇಳಿರಲಿಲ್ಲ.

ತಂಗಿ ಮಗಳು ಫೋಟೋ ಕಳಿಸಿದಳಂತೆ, ಟಿ.ವಿ.ಯವರು ಒಪ್ಪಿದರಂತೆ.
ಮೊದಲ ಕಂತಿನಲ್ಲಿ ಅವಳನ್ನು ಬಿಳಿ ಗೋಡೆಗೆ ನಿಲ್ಲಿಸಿ
ಹೊಟ್ಟೆಗೊಂದು, ಗಲ್ಲಕ್ಕೊಂದು ಕೆಂಪು ವೃತ್ತ ಎಳೆದರು,
ಆಸ್ತಿ ಸರ್ವೆಯವರು ಕಲ್ಲು ನೆಡುವ ಹಾಗೆ.
ಆಮೇಲೆ ಬಲತೋಳಿಗೂ ಒಂದು.
ನನ್ನ ಅಂಗಡಿಯಲ್ಲಿ ಆಗ ಮೂವರಿದ್ದರು.
‘ಪಾಪ’ ಅಂದಳು ಒಬ್ಬಳು.
‘ಪಾಪ ಏನು, ಪುಣ್ಯ ಮಾಡಿದ್ದಳು’ ಅಂದಳು ಇನ್ನೊಬ್ಬಳು.
ಹುಕ್ಕು ಹಚ್ಚುತ್ತ ಕೂತಿದ್ದ ನಾನು
ಹೊಟ್ಟೆ ಒಳಗೆಳೆದುಕೊಂಡದ್ದು ಯಾರಿಗೂ ಕಾಣಲಿಲ್ಲ.

ಎಂಟನೇ ವಾರ ಪರದೆ ಸರಿಯಿತು.
ಬೆಳ್ಳಿ ಬಣ್ಣದ ಬ್ಲೌಸು, ನೇರ ಮಾಡಿದ ಕೂದಲು.
ಕನ್ನಡಿ ನೋಡಿ ಅತ್ತಳು.
ಕೈ ಎಲ್ಲಿಡಬೇಕೋ ತಿಳಿಯದೆ ಗಂಡ ಪಕ್ಕದಲ್ಲಿ ನಿಂತಿದ್ದ.
‘ಇವರೇ ನಿಜವಾದ ಜಲಜಾಕ್ಷಿ!’ ಅಂದ ಮೈಕಿನ ಹುಡುಗ.
ಹಾಗಾದರೆ ಎಪ್ಪತ್ತೊಂದನೇ ಪುಟದಲ್ಲಿ ಇರುವವಳು ಯಾರು?

ಸುಳ್ಳು ಹೇಳಬಾರದು, ಚೆನ್ನಾಗಿ ಕಾಣುತ್ತಿದ್ದಳು.
ಮಂಡಿನೋವು ಹೋಯ್ತು ಅಂದಳು, ಅದೂ ನಿಜವೇ.
ವಯರು ಬ್ಯಾಗಿನ ತುಂಬ ಹಳೇ ಬ್ಲೌಸು ತಂದಿದ್ದಳು, ಹಿಡಿದುಕೊಡು ಅಂತ.
‘ಒಂದನೇ ಕ್ಲಾಸಿನವನು ನನ್ನನ್ನೇ ಕೇಳ್ತಾನೆ ಕಣೆ,
ನಮ್ಮ ದಪ್ಪಕ್ಕ ಯಾವಾಗ ಬರ್ತಾಳೆ ಅಂತ.’
ನಕ್ಕಳು. ನಕ್ಕದ್ದು ಅರ್ಧಕ್ಕೇ ನಿಂತಿತು.
ಒಳಗೆ ಮಡಚಿದ ಬಟ್ಟೆ ನೋಡಿ
‘ಇದನ್ನೇಕೆ ಬಿಟ್ಟೆ, ಕತ್ತರಿಸು’ ಅಂದಳು.
ಇರಲಿ ಅಂದೆ.
‘ಮತ್ತೆ ಊದಲಿ ಅಂತ ಶಾಪ ಹಾಕ್ತೀಯಾ?’
ನನ್ನ ಹತ್ತಿರ ಉತ್ತರವಿರಲಿಲ್ಲ.
ಬಟ್ಟೆ ಬಿಡುವುದು ನಮ್ಮಮ್ಮ ಕಲಿಸಿದ್ದು,
ಯಾಕೆ ಅಂತ ಅವಳು ಹೇಳಿರಲಿಲ್ಲ.

ದೀಪಾವಳಿ ಕಳೆದು ಒಂದು ಸಂಜೆ
ಮೆಟ್ಟಿಲ ಮೇಲೆ ನಿಧಾನಕ್ಕೆ ಹೆಜ್ಜೆ ಸದ್ದು.
ಬ್ಯಾಗು ಕೆಳಗಿಟ್ಟಳು, ಮಾತಿಲ್ಲ.
ಎಲ್ಲಕ್ಕಿಂತ ಮೇಲಿತ್ತು ಆ ಬೆಳ್ಳಿ ಬ್ಲೌಸು.
ತಿರುವಿ ನೋಡಿದೆ. ನೂಲಿನಷ್ಟೂ ಬಟ್ಟೆ ಬಿಟ್ಟಿಲ್ಲ ಒಳಗೆ.
ಒಂದು ರಾತ್ರಿಯ ದೀಪಕ್ಕೆ ಹೊಲಿದದ್ದು.
‘ಇದು ಆಗಲ್ಲ’ ಅಂದೆ. ‘ಬೇರೆಯವೆಲ್ಲ ಬಿಚ್ಚಬಹುದು.’

ಟೇಪು ತೆಗೆದೆ. ಅವಳು ಉಸಿರು ಹಿಡಿದಳು.
ಸೊಂಟ ಆಮೇಲೆ ನೋಡೋಣ ಅಂತ
‘ಇವತ್ತು ಮಕ್ಕಳಿಗೆ ಏನು ಮಾಡಿದ್ರಿ?’ ಅಂದೆ.
‘ಹುರುಳಿಕಾಳು ಸಾರು... ಉಪ್ಪು ಸ್ವಲ್ಪ ಮುಂದಾಗಿತ್ತು,
ಆದರೂ ಆ ಕೊನೇ ಸಾಲಿನವನು
ಮೂರು ಸಲ ಹಾಕಿಸಿಕೊಂಡ ಕಣೆ, ಮೂರು ಸಲ...’
ಹೇಳುತ್ತಲೇ ಇದ್ದಳು.

ಮೊದಲು ಎಡತೋಳು, ಆಮೇಲೆ ಬಲ.
ಅರ್ಧ ಇಂಚು ಮರಳಿ ಬಂದಿತ್ತು.
ಬರೆದುಕೊಳ್ಳಲು ಪೆನ್ಸಿಲು ಹುಡುಕಿದೆ,
ಮಷೀನಿನ ಕೆಳಗೆ, ಡಬ್ಬಿಯೊಳಗೆ.
ನನ್ನ ಕಿವಿಯ ಮೇಲೇ ಇದೆ ಅಂತ
ಅವಳೇ ತೋರಿಸಿದಳು.